ಕಂಡಕ್ಟರ್, ಮದುಮಗಳು, ಅಧ್ಯಕ್ಷರು ಮತ್ತು ಒಂದು ಕಂಬಳಿ

ಕಂಬಳಿಯ ಮೇಲೆ ಹಾವು ಹರಿಯುವುದಿಲ್ಲ. ಚಳ್ಳಕೆರೆ ಸೀಮೆಯಲ್ಲಿ ಇದನ್ನು ಎಲ್ಲರೂ ನಂಬುತ್ತಾರೆ. ಕುರಿ ಕಾಯುವವರು ನಂಬುತ್ತಾರೆ, ಕಂಬಳಿ ನೇಯುವವರು ನಂಬುತ್ತಾರೆ, ಕಂಬಳಿ ಮಾರುವವರು ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ಉಣ್ಣೆಯ ಒರಟು ಹಾವಿನ ಹೊಟ್ಟೆಗೆ ಚುಚ್ಚುತ್ತದಂತೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ನಾನೂ ಈ ಮಾತನ್ನು ತಳ್ಳಿಹಾಕಿರಲಿಲ್ಲ. ಪರೀಕ್ಷಿಸಲು ಒಂದು ಕಂಬಳಿ ಬೇಕು, ಒಂದು ಹಾವು ಬೇಕು. ಕಂಬಳಿ ಮನೆಯಲ್ಲಿತ್ತು. ಹಾವನ್ನು ನನ್ನ ತಮ್ಮ ತಂದ. ಒಂದಲ್ಲ, ಮೂರು. ಅಂದಿನಿಂದ ನಮ್ಮ ಮನೆಯಲ್ಲಿ ತಿಂಗಳಿಗೊಂದು ಪ್ರಸಂಗಕ್ಕೆ ಬರವಿಲ್ಲ.

೧. ಮೂರು ಡಬ್ಬಿ

ನನ್ನ ತಮ್ಮ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಅಂಚು, ಸೆರಗಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಬರೆಯುತ್ತಾನೆ. ದಿನಾ ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತಾನೆ. ಮಾತು ಕಡಿಮೆ. ಒಂದೇ ದಿನ ಹತ್ತು ಮಾತಾಡಿದರೆ ಜ್ವರ ಬಂದಿರಬಹುದೆಂದು ಅವ್ವ ಹಣೆ ಮುಟ್ಟಿ ನೋಡುತ್ತಾಳೆ.

ಅಂಥವನು ಒಂದು ಭಾನುವಾರ ದಾವಣಗೆರೆಯ ಸ್ನೇಹಿತನಿಂದ ಮೂರು ಪ್ಲಾಸ್ಟಿಕ್ ಡಬ್ಬಿ ತಂದು ನಡುಮನೆಯಲ್ಲಿಟ್ಟ. ಒಂದೊಂದರಲ್ಲಿ ಪೆನ್ಸಿಲ್ ದಪ್ಪದ ಒಂದೊಂದು ಹಾವಿನ ಮರಿ. ಮೈಯೆಲ್ಲ ಕಿತ್ತಳೆ, ಬೆನ್ನ ಮೇಲೆ ಕಪ್ಪು ಗೆರೆಯೊಳಗೆ ಕೆಂಪು ಮಚ್ಚೆ. ನಿಂತಲ್ಲೇ ಕಾಲು ಗಂಟೆ ಮಾತಾಡಿದ. ಇದು ಕಾರ್ನ್ ಸ್ನೇಕ್. ಅಮೆರಿಕದ ಹೊಲದ ಹಾವು. ವಿಷ ಇಲ್ಲ. ಮೂರೂ ಒಂದೇ ತಾಯಿಯ ಮೊಟ್ಟೆ, ಒಂದೇ ದಿನ ಒಡೆದದ್ದು. ಸಾಕಲು ಅರ್ಜಿ ಹಾಕಿ ಕಾಗದ ಮಾಡಿಸಿದ್ದಾನಂತೆ. ನಮ್ಮ ಹೊಲದ ಹಾವು ಹಿಡಿದಿಟ್ಟುಕೊಂಡರೆ ಜೈಲು, ಪರದೇಶದ್ದಕ್ಕೆ ಅರ್ಜಿ ಸಾಕು.

ಅವ್ವ ಡಬ್ಬಿಯ ಕಡೆ ನೋಡಲಿಲ್ಲ. ಮಗನ ಬಾಯಿಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನನ್ನು ಕೇಳಿದಳು:

"ಇವನು ಇಷ್ಟು ಮಾತಾಡಿ ಎಷ್ಟು ದಿನ ಆತೇ?"

"ಪಿಯುಸಿ ರಿಸಲ್ಟಿನ ದಿನ ಇರಬೇಕು."

"ಹಂಗಾದ್ರೆ ಇರ್ಲಿ ಬಿಡು."

ಆದರೆ ಷರತ್ತು ಹಾಕಿದಳು. ಹಾವು ಹಿಂದಿನ ಕೋಣೆಯಲ್ಲೇ ಇರಬೇಕು. ಕೋಣೆಯ ಹೊಸ್ತಿಲಿಗೆ ಅಡ್ಡ ಕಂಬಳಿ ಹಾಸಿರಬೇಕು. "ಒಂದೇ ಒಂದು ಅದನ್ನ ದಾಟಿ ಬಂದ್ರೂ ಮೂರೂ ವಾಪಸ್ ದಾವಣಗೆರೆಗೆ."

"ಬಾಗಿಲು ಹಾಕಿದ್ರೆ ಸಾಲ್ದಾ ಅವ್ವ?" ಅಂದೆ.

"ಬಾಗಿಲಿನ ಕೆಳಗೆ ಸಂದು ಐತೆ. ಕಂಬಳಿ ಕೆಳಗೆ ಎಲ್ಲೈತೆ ಸಂದು?"

ಎಂ.ಎಸ್ಸಿ. ಪಾಸಾದವಳು ಹೋಗಿ ಕಂಬಳಿ ತಂದೆ.

೨. ನಾಮಕರಣ

ಡಬ್ಬಿಗಳಿಗೆ ತಮ್ಮ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿದ್ದ. ವಾರದೊಳಗೆ ಅವ್ವ ಆ ಸಂಖ್ಯೆಗಳನ್ನು ರದ್ದು ಮಾಡಿದಳು.

ಮೊದಲನೆಯದು ಒಂದು ಕ್ಷಣ ನಿಂತದ್ದಿಲ್ಲ. ಡಬ್ಬಿಯ ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ. ಮುಚ್ಚಳಕ್ಕೆ ಮೂತಿ ಒತ್ತಿ ನೋಡುವುದು, ಮತ್ತೆ ತಿರುಗುವುದು. ತುಂಬಿದ ಬಸ್ಸಿನಲ್ಲಿ ಟಿಕೆಟ್ ಹರಿಯುವವನ ಹಾಗೆ. ಅದು ಕಂಡಕ್ಟರ್.

ಎರಡನೆಯದು ತೆಂಗಿನ ಚಿಪ್ಪಿನ ಕೆಳಗೇ ವಾಸ. ಯಾರಾದರೂ ಬಂದರೆ ತಲೆ ಒಳಗೆ. ಚಿಪ್ಪು ಎತ್ತಿದರೆ ಬಾಲ ನಡುಗಿಸಿ ಹಾರಿ ಬೀಳುವುದು. ಅದು ಮದುಮಗಳು. "ಮೊದ್ಲು ತಲೆ ಬಗ್ಸಿರ್ತಾಳೆ, ಆಮೇಲೆ ಗೊತ್ತಾಗ್ತೈತೆ" ಎಂದು ಅವ್ವ ವಿವರಿಸಿದಳು.

ಮೂರನೆಯದು ಹಾಸಿದ್ದ ಶೇಂಗಾ ಹೊಟ್ಟಿನ ನಟ್ಟನಡುವೆ ಸುರುಳಿ ಸುತ್ತಿ ಕೂತರೆ ಮುಗಿಯಿತು. ಎತ್ತಿದರೂ ಅಷ್ಟೇ, ಇಟ್ಟರೂ ಅಷ್ಟೇ. ಊಟ ಬಂದಾಗ ಮಾತ್ರ ಕತ್ತು ನೆಟ್ಟಗಾಗುತ್ತಿತ್ತು. ಹಾವಿಗೆ ಕಣ್ಣುರೆಪ್ಪೆ ಇರುವುದಿಲ್ಲ. ಆದರೂ ಇವರು ನಿದ್ದೆಯಲ್ಲಿದ್ದಾರೆ ಎಂಬುದು ಎದುರು ನಿಂತವರಿಗೆಲ್ಲ ತಿಳಿಯುತ್ತಿತ್ತು. ಅವರು ಅಧ್ಯಕ್ಷರು.

ಒಂದೇ ತಾಯಿ, ಒಂದೇ ದಿನ, ಒಂದೇ ಊಟ. ಮೊಟ್ಟೆ ಒಡೆದು ಕೆಲವೇ ವಾರ. ಇದರಲ್ಲಿ ಸ್ವಭಾವ ಎಲ್ಲಿಂದ ಬಂತು? ಹಾವಿನ ಮೈ ಕಾದರೆ ಓಡಾಡುತ್ತದೆ, ತಣ್ಣಗಾದರೆ ಮಲಗುತ್ತದೆ, ಅಷ್ಟೇ ಎಂದು ನಾನು ವಾದಿಸಿದೆ. ಕಂಡಕ್ಟರಿನ ಡಬ್ಬಿ ಕಿಟಕಿಯ ಪಕ್ಕ ಇತ್ತು. ಅಧ್ಯಕ್ಷರದು ಗೋಡೆಯ ಮೂಲೆಯಲ್ಲಿ. ಎರಡನ್ನೂ ಅದಲುಬದಲು ಮಾಡಿದೆ. ಎರಡು ವಾರ ಗಡಿಯಾರ ಹಿಡಿದು ಪಟ್ಟಿ ಬರೆದೆ. ತಮ್ಮ ಪಕ್ಕದಲ್ಲಿ ಕೂತು ನೋಡಿದ.

ಕಂಡಕ್ಟರ್ ತಂಪು ಮೂಲೆಯಲ್ಲೂ ಟಿಕೆಟ್ ಹರಿದ. ಅಧ್ಯಕ್ಷರು ಕಿಟಕಿಯ ಬಿಸಿಲಿನ ಕಾವಿನಲ್ಲಿ ಇನ್ನೂ ಚೆನ್ನಾಗಿ ನಿದ್ದೆ ಮಾಡಿದರು.

ಪಟ್ಟಿಯನ್ನು ಅವ್ವನಿಗೆ ತೋರಿಸಬಾರದಿತ್ತು. ತೋರಿಸಿದೆ.

"ನಿಮ್ಮಿಬ್ರನ್ನೂ ಒಂದೇ ತೊಟ್ಲಲ್ಲಿ ಮಲಗ್ಸಿದ್ದೆ" ಅಂದಳು. "ನೀನು ತೊಟ್ಲು ಹಗ್ಗ ಕಡೀತಿದ್ದೆ. ಅವನು ಅದೇ ಹಗ್ಗ ನೋಡ್ಕೊಂತ ಮಲಗ್ತಿದ್ದ. ಇದಕ್ಕೂ ಎಂಎಸ್ಸಿ ಓದ್ಬೇಕಾಗಿತ್ತಾ?"

೩. ತೋಳ ಓಡಿಸಿದವರು

ಅವ್ವನ ತಮ್ಮ, ಅಂದರೆ ನಮ್ಮ ಮಾವ, ದೊಡ್ಡಉಳ್ಳಾರ್ತಿಯವರು. ಅಲ್ಲಿನ ಕಾವಲಿನಲ್ಲಿ, ಆ ದೊಡ್ಡ ಹುಲ್ಲುಬಯಲಿನಲ್ಲಿ, ಕುರಿ ಮೇಯಿಸುತ್ತಾರೆ. ಒಂದು ಸಲ ಕೋಲಿನಲ್ಲೇ ತೋಳವನ್ನು ಓಡಿಸಿದ್ದರಂತೆ. ತೋಳದ ಗಾತ್ರ ವರ್ಷಕ್ಕಿಷ್ಟು ಬೆಳೆಯುತ್ತ ಈಗ ಕರುವಿನಷ್ಟಾಗಿದೆ.

ಹಾವು ನೋಡಲು ಬಂದರು. ಮದುಮಗಳ ಡಬ್ಬಿಯ ಮುಂದೆ ಬಗ್ಗಿ, "ಇದಾ? ದಾರದಂಗೈತೆ!" ಅಂದರು. ದಾರ ಚಿಪ್ಪಿನಿಂದ ಚಿಮ್ಮಿ ಡಬ್ಬಿಯ ಗೋಡೆಗೆ ಟಪ್ ಎಂದು ಬಾಯಿ ಹೊಡೆಯಿತು. ಮಾವ ಮಂಚದ ಮೇಲಿದ್ದರು. ಹತ್ತಿದ್ದನ್ನು ಯಾರೂ ನೋಡಲಿಲ್ಲ.

"ಮಾವ, ಅದರ ಹಲ್ಲು ನಿಮ್ಮ ಚರ್ಮ ದಾಟಲ್ಲ" ಎಂದ ತಮ್ಮ.

"ಅದು ಗೊತ್ತು ಕಣಲೇ ಅಳಿಯ. ಅದಕ್ಕೆ ಗೊತ್ತೈತಾ?"

ಇಳಿದ ಮೇಲೆ ಮರ್ಯಾದೆ ಉಳಿಸಿಕೊಳ್ಳಲು ಹೊಸ್ತಿಲ ಕಂಬಳಿಯನ್ನು ಮುಟ್ಟಿ ನೋಡಿ, ಒಳ್ಳೆಯ ನೇಯ್ಗೆ ಎಂದರು. "ಮೂವತ್ತು ವರ್ಷ ಕಾವಲ್ನಾಗೆ ಕಂಬಳಿ ಹಾಸಿ ಮಲಗೀನಿ. ಒಂದು ಹಾವು ಹತ್ತಿಲ್ಲ."

"ನಿದ್ದೆ ಮಾಡ್ತಿದ್ರಲ್ಲ ಮಾವ, ನಿಮಗೆ ಹೆಂಗ್ ಗೊತ್ತು?"

ಮಾವ ನನ್ನನ್ನು ಕನಿಕರದಿಂದ ನೋಡಿದರು.

"ಹತ್ತಿದ್ರೆ ಗೊತ್ತಾಗ್ತಿತ್ತಲ್ಲವ್ವ."

೪. ಹಬ್ಬದ ಊಟ

ಮರಿಹಾವಿನ ಊಟ ಐದಾರು ದಿನಕ್ಕೊಂದು ಎಳೆ ಇಲಿಮರಿ. ಹೆಪ್ಪುಗಟ್ಟಿಸಿದ್ದು ದಾವಣಗೆರೆಯಿಂದ ಬರುತ್ತದೆ. ನಮ್ಮದು ಕುರಿ ಕಡಿಯುವ ಮನೆ, ಮಾಂಸಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ಫ್ರಿಜ್ಜಿನ ಮೇಲಿನ ಖಾನೆಯನ್ನು ಅವ್ವ ಬಿಟ್ಟುಕೊಟ್ಟಿದ್ದಳು.

ಊಟದಲ್ಲೂ ಮೂವರದು ಮೂರು ದಾರಿ. ಕಂಡಕ್ಟರ್ ಇಲಿಮರಿಯನ್ನು ಮೂರು ಸಲ ದಾಟಿ ಹೋಗಿ ನಾಲ್ಕನೆಯ ಸಲ ಗಮನಿಸುತ್ತಿದ್ದ. ಮದುಮಗಳು ಎಲ್ಲರೂ ಕೋಣೆಯಿಂದ ಹೊರಗೆ ಹೋದ ಮೇಲೆ ಚಿಪ್ಪಿನೊಳಗೆ ಎಳೆದುಕೊಂಡು ತಿನ್ನುತ್ತಿದ್ದಳು. ಅಧ್ಯಕ್ಷರು ತಿಂದು, ಇನ್ನೊಬ್ಬರ ಪಾಲು ಏನಾಯಿತು ಎಂಬಂತೆ ಕತ್ತೆತ್ತಿಯೇ ಇರುತ್ತಿದ್ದರು.

ತೊಂದರೆ ಬಂದದ್ದು ಗಣಪತಿ ಹಬ್ಬದ ದಿನ. ಲೆಕ್ಕದಂತೆ ಅವತ್ತೇ ಊಟ. ತಮ್ಮ ಬಿಸಿನೀರಿನ ಬಟ್ಟಲು ಹಿಡಿದು ಫ್ರಿಜ್ಜಿನ ಹತ್ತಿರ ಹೋದ. ಅವ್ವ ಅಡ್ಡ ನಿಂತಳು.

"ಎದುರಿಗೆ ಗಣಪತಿ ಕೂರ್ಸಿ, ಅವನ ಗಾಡೀನೇ ಹಾವಿಗೆ ಹಾಕ್ತೀಯಾ?"

ತಮ್ಮ ಯೋಚಿಸಿದ. ಆ ದಿನದ ಮೊದಲ ಮಾತು ಆಡಿದ: "ಅವ್ವ, ಅದೇ ಗಣಪತಿ ಹೊಟ್ಟೆಗೆ ಹಾವು ಸುತ್ಕೊಂಡಾನಲ್ಲ."

ನಾನು ಗೆದ್ದೆವು ಅಂದುಕೊಂಡೆ. ಅವ್ವ ಮೂರ್ತಿಯನ್ನು ನೋಡಿದಳು. ಹೊಟ್ಟೆಯ ಹಾವು ನೋಡಿದಳು, ಕಾಲ ಬುಡದ ಇಲಿ ನೋಡಿದಳು.

"ಸುತ್ಕೊಂಡಾನೆ. ಇಲಿ ಹಾಕಿಲ್ಲ."

ಮೂವರಿಗೂ ಉಪವಾಸ.

೫. ಕುರಿ ಡಾಕ್ಟರು

ಪೊರೆ ಬಿಡುವ ಮುಂಚೆ ಹಾವಿನ ಮೈ ಬಣ್ಣ ಕೆಡುತ್ತದೆ, ಕಣ್ಣು ಹಾಲು ಬಿದ್ದಂತೆ ಮಂಕಾಗುತ್ತದೆ, ಊಟ ಬಿಡುತ್ತದೆ. ಇದು ನನಗೆ ಗೊತ್ತು, ತಮ್ಮನಿಗೆ ಗೊತ್ತು. ಗೊತ್ತಿರುವ ಇಬ್ಬರೂ ಮನೆಯಲ್ಲಿಲ್ಲದ ದಿನ ಅವ್ವ ಅಧ್ಯಕ್ಷರ ಮುಖ ನೋಡಿದಳು.

ನಾನು ತರಗತಿಯಲ್ಲಿದ್ದೆ, ಫೋನು ಬಂದ್ ಆಗಿತ್ತು. ತಮ್ಮ ಮಗ್ಗದ ಸದ್ದಿನ ನಡುವೆ ಇದ್ದ. ಅವ್ವ ಡಬ್ಬಿಯನ್ನು ಮಾರ್ಕೆಟ್ ಚೀಲದಲ್ಲಿಟ್ಟು, ಮೇಲೆ ಟವೆಲ್ ಹೊದಿಸಿ, ಆಟೋ ಹತ್ತಿ ದನದ ಆಸ್ಪತ್ರೆಗೆ ಹೋದಳು. ಮುಂದಿನದನ್ನು ಅವಳ ಬಾಯಲ್ಲೇ ಕೇಳಿದ್ದು.

ಆಸ್ಪತ್ರೆಯ ತುಂಬ ಕುರಿ. ಕುರಿಯ ಹಿಂದೆ ಕುರಿಯವರು. ಮುಂದಿದ್ದವನು, "ಏನು ತಂದೀಯವ್ವ, ಕೋಳಿನಾ?" ಎಂದ. ಅವ್ವ ಟವೆಲ್ ಸರಿಸಿದಳು. ಸಾಲು ತಾನಾಗಿ ಎರಡು ಹೋಳಾಯಿತು. ಕುರಿಗಳು ಮಾತ್ರ ನಿಂತಲ್ಲೇ ನಿಂತಿದ್ದವು.

ಡಾಕ್ಟರು ಒಳ್ಳೆಯವರು. ಡಬ್ಬಿಯನ್ನು ಎಲ್ಲ ದಿಕ್ಕಿನಿಂದ ನೋಡಿದರು. ಅಧ್ಯಕ್ಷರು ಯಾವ ದಿಕ್ಕಿಗೂ ಸಹಕರಿಸಲಿಲ್ಲ.

"ಅಮ್ಮಾ, ನಿಜ ಹೇಳ್ತೀನಿ. ನಾನು ಕುರಿ ಡಾಕ್ಟ್ರು. ಕುರಿ ಹಿಂಗೆ ಮಲಗಿದ್ರೆ ಸತ್ತೋಗೈತೆ ಅಂತ ಬರೀತಿದ್ದೆ."

"ಇದು ಚೆನ್ನಾಗಿದ್ದಾಗ್ಲೂ ಹಿಂಗೇ ಮಲಗಿರ್ತೈತೆ ಸಾರ್."

ಡಾಕ್ಟರ ಮುಖ ಹಗುರಾಯಿತು.

"ಹಂಗಾದ್ರೆ ಚೆನ್ನಾಗೈತೆ. ಕರ್ಕೊಂಡು ಹೋಗಿ."

೬. ಹೊಸ ಅಂಚು

ಪೊರೆ ಬಿಟ್ಟ ಮೇಲೆ ಮೂರಕ್ಕೂ ಹೊಸ ಬಟ್ಟೆ ಹಾಕಿದಂತೆ ಬಣ್ಣ ಬಂತು. ಬೆನ್ನ ಮೇಲೆ ಮಚ್ಚೆ, ಹೊಟ್ಟೆಯ ಕೆಳಗೆ ಕಪ್ಪು ಬಿಳುಪಿನ ಚೌಕಳಿ. ತಮ್ಮ ಅದನ್ನು ನೋಡುತ್ತ ಕೂತ. ಮಾರನೆಯ ದಿನ ಮೊಳಕಾಲ್ಮೂರಿಗೆ ಹೋಗುವಾಗ ಕಂಡಕ್ಟರನ್ನು ಡಬ್ಬಿ ಸಮೇತ ಜೊತೆಗೊಯ್ದ.

ಅವನ ಯಜಮಾನರು ಅರವತ್ತು ದಾಟಿದ ನೇಕಾರರು. ಅರ್ಧ ಕನ್ನಡ, ಅರ್ಧ ತೆಲುಗು. ಗುಂಡಿಮಗ್ಗದಲ್ಲಿ ಕೂತವರು ಡಬ್ಬಿ ನೋಡಿ ಲಾಳಿ ನಿಲ್ಲಿಸಿದರು.

"ಏಂದಿ ಸಾಮೀ ಇದಿ? ಏನಿದು?"

"ಅಂಚು" ಎಂದ ತಮ್ಮ.

ಯಜಮಾನರು ಕಲೆಗಾರರು. ಹೆದರುವ ಮೊದಲು ಮಚ್ಚೆ ಎಣಿಸಲು ಶುರುಮಾಡಿದರು. ಏಳಕ್ಕೆ ಬರುವಷ್ಟರಲ್ಲಿ ಕಂಡಕ್ಟರ್ ತಿರುಗಿದ. ಮತ್ತೆ ಒಂದರಿಂದ. ಐದಕ್ಕೆ ಮತ್ತೆ ತಿರುಗಿದ. ಯಜಮಾನರಿಗೆ ರೇಗಿತು. "ನಿಲ್ಸಯ್ಯಾ ಇದನ್ನ! ನಮ್ಮ ದೇವಾಂಗರ ಬೀದಿಯ ಹುಡುಗ್ರೇ ವಾಸಿ!"

ಮಾರನೆಯ ದಿನ ಅಧ್ಯಕ್ಷರು ಹೋದರು. ಗ್ರಾಫ್ ಹಾಳೆಯ ಮೇಲೆ ಇಟ್ಟರೆ ಇಟ್ಟ ಹಾಗೇ. ಯಜಮಾನರು ಮಧ್ಯಾಹ್ನ ಊಟಕ್ಕೆ ಹೋಗಿ ಬಂದರೂ ಅದೇ ಭಂಗಿ. ತಮ್ಮ ಪಕ್ಕದಲ್ಲೇ ಕಾವಲಿದ್ದ. ಸಂಜೆಗೆ ಅಂಚು ಹಾಳೆಗಿಳಿಯಿತು. "ಇಂಥ ಕೆಲಸಗಾರ ನನಗೆ ಈವರೆಗೆ ಸಿಕ್ಕಿಲ್ಲ" ಎಂದರಂತೆ.

ಸೀರೆ ಮಗ್ಗದಿಂದಿಳಿದು ಅಂಗಡಿಗೆ ಬಂತು. ಅಲ್ಲಿಂದ ಚಳ್ಳಕೆರೆಗೂ ಬಂತು. ಹಾವಿರುವ ಮನೆಗೆ ಕಾಲಿಡುವುದಿಲ್ಲ ಎಂದು ಆರು ತಿಂಗಳಿಂದ ನಮ್ಮ ಮನೆಯ ಕಡೆ ಮುಖ ಹಾಕದ ಎದುರುಮನೆಯ ಅತ್ತೆ, ಸೊಸೆಯ ಸೀಮಂತಕ್ಕೆ ಅದನ್ನೇ ಉಟ್ಟಿದ್ದರು. "ಹೆಂಗೈತೆ ಅಂಚು?" ಎಂದು ಅವ್ವನ ಮುಂದೆ ಸೆರಗು ಹಿಡಿದರು.

"ಮೈಮೇಲೆ ಹರಿದಾಡ್ದಂಗೈತೆ ಕಣ್ರೀ" ಎಂದಳು ಅವ್ವ.

೭. ಕಾವಲು

ವರ್ಷ ತುಂಬುವಷ್ಟರಲ್ಲಿ ಮೂರೂ ಬೆರಳು ದಪ್ಪವಾಗಿದ್ದವು. ಯಾವತ್ತಾದರೂ ಒಂದು ತಪ್ಪಿಸಿಕೊಂಡರೆ ಅದು ಕಂಡಕ್ಟರ್ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವನ ಡಬ್ಬಿಗೆ ನಾಲ್ಕು ಕ್ಲಿಪ್ಪು, ಮೇಲೊಂದು ಇಟ್ಟಿಗೆ, ಇಟ್ಟಿಗೆಯ ಮೇಲೆ ಒರಳುಕಲ್ಲಿನ ಗುಂಡು. ಮದುಮಗಳಿಗೆ ಎರಡು ಕ್ಲಿಪ್ಪು. ಅಧ್ಯಕ್ಷರ ಮುಚ್ಚಳವನ್ನು ಸುಮ್ಮನೆ ಇಡುತ್ತಿದ್ದೆವು. ಒತ್ತಿ ಹಾಕುವುದು ಅವಮಾನವೇನೋ ಎಂಬಂತೆ.

ಒಂದು ಶನಿವಾರ ಬೆಳಗ್ಗೆ ಅಧ್ಯಕ್ಷರು ಇರಲಿಲ್ಲ.

ಕೋಣೆಯ ಟ್ರಂಕು ತೆಗೆದೆವು, ಹಾಸಿಗೆ ಬಿಚ್ಚಿದೆವು, ರಾಗಿ ಚೀಲ ಸುರಿದೆವು, ಚಪ್ಪಲಿ ಕೊಡವಿದೆವು. ಇಲ್ಲ. ಹೊಸ್ತಿಲ ಕಂಬಳಿ ಹಾಸಿದಲ್ಲೇ ಇತ್ತು. "ಕಂಬಳಿ ಐತಲ್ಲ, ಒಳಗೇ ಅದಾನೆ" ಎಂದಳು ಅವ್ವ. ಮಧ್ಯಾಹ್ನದವರೆಗೆ ಧೈರ್ಯವಾಗಿ ಹೇಳಿದಳು. ಆಮೇಲೆ ಹೇಳಲಿಲ್ಲ.

ಸಂಜೆ ಮಾವನಿಗೆ ಸುದ್ದಿ ಹೋಯಿತು. ಹೆಗಲ ಮೇಲೆ ತಮ್ಮದೇ ಒಂದು ಕಂಬಳಿ ಹಾಕಿಕೊಂಡು ಬಂದರು. ಹಾವು ಈಗ ಯಾವ ಮೂಲೆಯಲ್ಲಿದೆಯೋ ಎಂಬ ಅಂಜಿಕೆ ಮುಖದಲ್ಲಿತ್ತು, ಆದರೆ ಅಕ್ಕನ ಮನೆಯ ಕಷ್ಟ. "ಹೊಸ್ತಿಲ ಮೇಲೆ ನಾನು ಮಲಗ್ತೀನಿ. ಒಂದರ ಮ್ಯಾಲೆ ಇನ್ನೊಂದು ಕಂಬಳಿ, ಅದರ ಮ್ಯಾಲೆ ನಾನು. ದಾಟ್ಲಿ ನೋಡೋಣ" ಎಂದರು. ಅರ್ಧ ಹಾಸಿ, ಅರ್ಧ ಮಡಿಸಿ ತಲೆಗಿಟ್ಟು ಮಲಗಿದರು. ಅವರ ಗೊರಕೆ ಕೇಳಿ ಕಾವಲು ಚೆನ್ನಾಗಿದೆ ಎಂದು ನಮಗೂ ನಿದ್ದೆ ಬಂತು.

ಬೆಳಗ್ಗೆ ಚಹಾ ಕೊಟ್ಟು ಕೇಳಿದೆ: "ಏನಾದ್ರೂ ಹತ್ತಿತಾ ಮಾವ?"

"ಹತ್ತಿದ್ರೆ ಗೊತ್ತಾಗ್ತಿತ್ತಲ್ಲವ್ವ." ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ಮೊದಲ ಬಸ್ಸಿಗೆ ಹೊರಟರು. ಕುರಿ ಕಾಯುತ್ತಿದ್ದವು.

ಕೋಣೆಯನ್ನು ಇನ್ನೊಂದು ಸಲ ಜಾಲಾಡಿದೆವು. ಸಿಗಲಿಲ್ಲ ಎಂದರೆ ದಾಟಿದೆ ಎಂದೇ ಅರ್ಥ. ಷರತ್ತು ಷರತ್ತೇ. ಅವ್ವ ಬಾಯಿ ಬಿಟ್ಟು ಹೇಳಬೇಕಾಗಿ ಬರಲಿಲ್ಲ. ತಮ್ಮನೇ ದಾವಣಗೆರೆಗೆ ಫೋನ್ ಮಾಡಿ, "ಎರಡನ್ನ ತರ್ತೀನಿ" ಎಂದ. ಅಷ್ಟೇ. ಆಮೇಲೆ ಕಂಡಕ್ಟರಿನ ಇಟ್ಟಿಗೆ ಇಳಿಸಿದ, ಡಬ್ಬಿಗಳನ್ನು ಒರೆಸಿದ, ಖಾಲಿ ಡಬ್ಬಿಯನ್ನೂ ಒರೆಸಿದ. ಅವ್ವ ರೊಟ್ಟಿ ತಂದಿಟ್ಟಳು. ಮುಟ್ಟಲಿಲ್ಲ. ಅವಳು ಪಕ್ಕದಲ್ಲಿ ಕೂತು ಸುಮ್ಮನೆ ಕೇಳಿದಳು, "ಕಾರ್ನ್ ಸ್ನೇಕ್ ಅಂದ್ರೆ ಯಾವ ದೇಶದ್ದಪ್ಪಾ?" ವರ್ಷದಿಂದ ಗೊತ್ತಿರುವುದನ್ನೇ ಕೇಳಿದಳು. ಅವನು ತಲೆಯಾಡಿಸಿದ. ಒಂದು ಮಾತು ಬರಲಿಲ್ಲ. ಅವ್ವ ಅವನ ಹಣೆ ಮುಟ್ಟಿ ನೋಡಿದಳು.

ಆಗ ಮಾವನ ಫೋನ್ ಬಂತು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ಸಿಕ್ತು. ಬೇಗ ಬಾ."

"ಏನು ಮಾವ?"

"ನಿಮ್ಮ ಅಧ್ಯಕ್ಷ!"

ತಮ್ಮ ಬೈಕು ತೆಗೆದ, ನಾನು ಹಿಂದೆ ಕೂತೆ. ದೊಡ್ಡಉಳ್ಳಾರ್ತಿಯಲ್ಲಿ ಮಾವ ಅಂಗಳದ ನಡುವೆ ಎರಡೂ ಕೈ ಚಾಚಿಕೊಂಡು ಹೊಲದ ಬೆದರುಬೊಂಬೆಯ ಹಾಗೆ ನಿಂತಿದ್ದರು. ಅವರ ನಾಯಿಯೂ ದೂರ ನಿಂತಿತ್ತು. "ಬಸ್ನಾಗೆ ಕುತ್ತಿಗೆಗೆ ಏನೋ ತಣ್ಣಗೆ ತಾಕ್ತಿತ್ತು ಕಣಲೇ ಅಳಿಯ. ಪಕ್ಕದೋನ ಟವೆಲ್ಲು ಅಂತ ಅವನಿಗೆ ಎರಡು ಸಲ ಬೈದೆ" ಎಂದರು. ಜಗುಲಿಯ ಕಡೆ ಗದ್ದದಲ್ಲೇ ತೋರಿಸಿದರು. ತಮ್ಮ ಹೋದ, ಬಗ್ಗಿದ, ಅಧ್ಯಕ್ಷರನ್ನು ಅಂಗೈಯಲ್ಲಿ ಹಿಡಿದು ಬಂದ. ಅವರಿಗೆ ಇನ್ನೂ ಎಚ್ಚರವಿರಲಿಲ್ಲ. ದಾರಿಯುದ್ದಕ್ಕೂ ತಮ್ಮ ಬೈಕಿನ ಮೇಲೆ ಹಿಂದೆ ತಿರುಗಿ ತಿರುಗಿ ಮಾತಾಡಿದ. ರಸ್ತೆ ನೋಡು ಎಂದು ನಾನು ಬೈಯಬೇಕಾಯಿತು.

ಮನೆಯಲ್ಲಿ ತೀರ್ಪು ಬಾಕಿಯಿತ್ತು. ನಾನೇ ಕೇಳಿದೆ: "ಹೊಸ್ತಿಲು ಬಿಟ್ಟು ಇನ್ನೊಂದು ಊರಿಗೇ ಹೋಗಿದ್ದ ಅವ್ವ. ಈಗ?"

ಅವ್ವ ತಡಮಾಡಲಿಲ್ಲ.

"ಅವನೆಲ್ಲಿ ದಾಟಿದ? ನನ್ನ ತಮ್ಮ ಹೊತ್ಕೊಂಡು ಹೋದ." ಅಷ್ಟು ಹೇಳಿ, ಹಾವು ತರುವುದಿಲ್ಲ ಎಂದು ದಾವಣಗೆರೆಗೆ ತಿಳಿಸಲು ಮಗನ ಕೈಗೆ ಫೋನ್ ಕೊಟ್ಟಳು.

ಕಂಡಕ್ಟರಿನ ಮೇಲಿನ ಇಟ್ಟಿಗೆ ಈಗ ಅಧ್ಯಕ್ಷರ ಮೇಲಿದೆ. ಆ ಮೂವರಲ್ಲಿ ಇಲ್ಲಿಯವರೆಗೆ ಡಬ್ಬಿಯಿಲ್ಲದೆ ಬಸ್ ಹತ್ತಿ ಊರು ಬಿಟ್ಟವರು ಅವರೊಬ್ಬರೇ. ಕಂಡಕ್ಟರ್ ಒಂದು ದಿನವೂ ಡಬ್ಬಿ ಬಿಟ್ಟಿಲ್ಲ.

ಹಾವು ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ ಮಾವ ತೋಳದ ಕಥೆ ಶುರುಮಾಡುತ್ತಾರೆ. ನನಗೆ ತೋಳದ ವಿಷಯ ಗೊತ್ತಿಲ್ಲ. ಅಧ್ಯಕ್ಷರು ಮಲಗಿದ್ದದ್ದು ಮಾವನ ಕಂಬಳಿಯ ಮಡಿಕೆಯೊಳಗೆ.